ಎರಡು ಹಾಲಿನ ಪ್ಯಾಕೆಟ್‌ನಷ್ಟು ನೀರು

2024ರ ಮಾರ್ಚ್. ಬೆಂಗಳೂರಲ್ಲಿ ನೀರಿಗೆ ಹಾಹಾಕಾರ. ನಮ್ಮ ಬೀದಿಯ ಬೋರ್ ಬತ್ತಿತ್ತು, ಟ್ಯಾಂಕರ್‌ನವನು ಫೋನ್ ಎತ್ತುತ್ತಿರಲಿಲ್ಲ, ನಾನು ಬಕೆಟ್ ಎಣಿಸಿ ಸ್ನಾನ ಮಾಡುತ್ತಿದ್ದೆ. ಅಂಥ ಹೊತ್ತಲ್ಲಿ ಒಂದು ಕೆಲಸ ಬಂತು. ಇಂಗ್ಲಿಷಿನ ಎರಡು ಪುಟದ ಕರಪತ್ರ, ಕನ್ನಡಕ್ಕೆ ಮಾಡಿಕೊಡಬೇಕು, ನಾಲ್ಕು ದಿನ ಟೈಮು. ವಿಷಯ ಇಷ್ಟೇ: ಮಕ್ಕಳಿಗೆ ಭೇದಿ ಆದಾಗ ಏನು ಮಾಡಬೇಕು, ಓಆರ್‌ಎಸ್, ಅಂದರೆ ನೀರಿಗೆ ಕಲಸಿ ಕುಡಿಸುವ ಉಪ್ಪು ಸಕ್ಕರೆಯ ಪುಡಿ, ಹೇಗೆ ಕೊಡಬೇಕು. ಕೊಟ್ಟವರು ಕಟ್ಟಡ ಕಾರ್ಮಿಕರ ಶೆಡ್‌ಗಳಲ್ಲಿ ಕೆಲಸ ಮಾಡುವ ಒಂದು ಚಿಕ್ಕ ಸಂಸ್ಥೆಯವರು. ನಾನು ಬ್ಯಾಂಕ್ ಫಾರಂ, ಮಿಕ್ಸಿ ಜೊತೆ ಬರುವ ಪುಸ್ತಕ, ಇನ್ಶೂರೆನ್ಸ್ ಷರತ್ತು ಇಂಥದ್ದನ್ನೆಲ್ಲ ಅನುವಾದ ಮಾಡಿ ಹೊಟ್ಟೆ ಹೊರೆಯುವವಳು. ಎರಡು ಪುಟ ತಾನೆ, ಒಂದು ಸಂಜೆ ಸಾಕು ಅಂದುಕೊಂಡೆ.

ಆ ಎರಡು ಪುಟ ಮುಗಿದದ್ದು ಆಗಸ್ಟ್‌ನಲ್ಲಿ.

ಮೊದಲ ಕರಡು ನಿಜಕ್ಕೂ ಒಂದೇ ಸಂಜೆಯಲ್ಲಿ ಆಯಿತು. ಅದರ ಮೊದಲ ಸಾಲು ಈಗಲೂ ನೆನಪಿದೆ, ನಾಚಿಕೆಯಾದರೂ ಇಲ್ಲಿ ಹಾಕುತ್ತೇನೆ: "ಅತಿಸಾರದಿಂದ ಉಂಟಾಗುವ ನಿರ್ಜಲೀಕರಣವನ್ನು ತಡೆಗಟ್ಟಲು ಮಗುವಿಗೆ ಪುನರ್ಜಲೀಕರಣ ದ್ರಾವಣವನ್ನು ನೀಡಿ." ಒಂದೂ ತಪ್ಪಿಲ್ಲ, ಅಲ್ವಾ? ನನಗೆ ಹೆಮ್ಮೆಯೇ ಆಗಿತ್ತು. ತಿಪಟೂರಲ್ಲಿರುವ ಅಮ್ಮನಿಗೆ ಫೋನ್‌ನಲ್ಲಿ ಓದಿ ಹೇಳಿದೆ. ಅಮ್ಮ ಪೇಪರ್ ಓದುವವಳು, ಧಾರಾವಾಹಿಗಿಂತ ಜಾಸ್ತಿ ನ್ಯೂಸ್ ನೋಡುವವಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ನಿರ್ಜಲೀಕರಣ ಅಂದ್ರೆ ಏನೇ, ಬೋರ್ ಬತ್ತೋದಾ?"

ಆಗಲೂ ನನಗೆ ಬುದ್ಧಿ ಬರಲಿಲ್ಲ. ಅಮ್ಮನಿಗೆ ವಯಸ್ಸಾಯಿತು ಅಂದುಕೊಂಡು ಕಳಿಸಿಬಿಟ್ಟೆ.

ಆ ಸಂಸ್ಥೆಯಲ್ಲಿ ಒಬ್ಬರು ಮಕ್ಕಳ ಡಾಕ್ಟರ್ ಮೇಡಂ ಇದ್ದರು. ಅವರು ಕರಡು ಓದಿ ಬೈಯಲಿಲ್ಲ. "ಶನಿವಾರ ಸಂಜೆ ಫ್ರೀ ಇದ್ದೀರಾ? ನೀವೇ ಬಂದು ಓದಿ ಹೇಳಿ" ಅಂದರು ಅಷ್ಟೆ. ವರ್ತೂರು ದಾಟಿ ಒಳಗೆ ಹೋದರೆ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿತ್ತು, ಅದರ ಹಿಂದೆ ತಗಡಿನ ಶೆಡ್‌ಗಳ ಎರಡು ಸಾಲು. ಹೆಚ್ಚಿನವರು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದವರು. ಸಂಜೆ ಆರರ ಮೇಲೆ ಕೆಲಸ ಬಿಟ್ಟು ಬಂದು, ಒಲೆ ಹಚ್ಚಿ, ಕೈಯಲ್ಲಿ ಮಗು ಹಿಡಿದು ಹತ್ತು ಹನ್ನೆರಡು ಹೆಂಗಸರು ಕೂತರು. ನಾನು ಗಂಟಲು ಸರಿ ಮಾಡಿಕೊಂಡು ಓದಿದೆ.

"ಅತಿಸಾರ ಅಂದ್ರ ಏನ್ರಿ ಅಕ್ಕಾರ? ಸಾರು ಭಾಳ ಉಂಡ್ರ ಬರ್ತದಾ?"

ಎಲ್ಲರೂ ನಕ್ಕರು. ಕೇಳಿದ ಹೆಂಗಸು ತಮಾಷೆಗೆ ಕೇಳಿದಳೋ ನಿಜವಾಗಿ ಕೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ನಗು ಮುಗಿದ ಮೇಲೆ ಯಾರೂ ಕರಪತ್ರದ ಕಡೆ ನೋಡಲಿಲ್ಲ.

ಹಾಗಾದರೆ ನೀವು ಏನಂತೀರಿ ಅಂತ ಕೇಳಿದೆ. ಅಲ್ಲಿಂದ ಶುರುವಾಯಿತು. ಒಬ್ಬಳು "ಕೂಸಿಗಿ ಸಂಡಾಸ ಹತ್ಯಾವ" ಅಂದಳು. ಇನ್ನೊಬ್ಬಳು "ಜುಲಾಬ್". ಬೆಂಗಳೂರಿಗೆ ಬಂದು ಹತ್ತು ವರ್ಷ ಆದವಳು "ಲೂಸ್ ಮೋಷನ್" ಅಂದಳು. ನಾನು "ವಾಂತಿಭೇದಿ ಅಂತ ಹಾಕಲಾ?" ಅಂದೆ. ಇಬ್ಬರು ಒಟ್ಟಿಗೇ ಬೇಡ ಅಂದರು. ವಾಂತಿಭೇದಿ ಅಂದರೆ ಅವರಿಗೆ ಪೇಪರ್‌ನಲ್ಲಿ ಬರುವ ಸುದ್ದಿ, ಊರಿನ ಟ್ಯಾಂಕಿನ ನೀರು ಕುಡಿದು ಜನ ಸತ್ತ ಸುದ್ದಿ. ಅದನ್ನ ನೋಡಿದರೆ ಹೆದರಿ ಓಡುತ್ತಾರೆಯೇ ಹೊರತು, ತಮ್ಮ ಮಗುವಿಗೆ ನಾಲ್ಕು ಸಲ ನೀರು ನೀರಾಗಿ ಹೋದದ್ದಕ್ಕೂ ಇದಕ್ಕೂ ಸಂಬಂಧ ಇದೆ ಅನ್ನಿಸಲ್ಲ. ಕೊನೆಗೆ ಉಳಿದದ್ದು: "ಮಗುವಿಗೆ ನೀರು ನೀರಾಗಿ ಭೇದಿ ಆಗ್ತಿದೆಯಾ?" ಹತ್ತಿರ ಹತ್ತಿರ ಎರಡು ಗಂಟೆ ಕೂತು ಸಿಕ್ಕಿದ್ದು ಈ ಒಂದು ಸಾಲು.

ಡಾಕ್ಟರ್ ಮೇಡಂ ಆ ದಿನ ಇನ್ನೊಂದು ವಿಷಯ ಹಿಡಿದರು. ಹೆಂಗಸರಿಗೆ ಓಆರ್‌ಎಸ್ ಪ್ಯಾಕೆಟ್ ಗೊತ್ತಿಲ್ಲ ಅಂತ ನಾವು ಅಂದುಕೊಂಡಿದ್ದೆವು. ಗೊತ್ತಿತ್ತು. ಸುಮಾರು ಜನ ಒಂದಲ್ಲ ಒಂದು ಸಲ ಕೊಟ್ಟಿದ್ದರು. "ಕೊಟ್ಟೀವ್ರಿ, ನಿಲ್ಲಲಿಲ್ಲ, ಬಿಟ್ಟೀವಿ." ಅಂದರೆ ಅವರು ಅದನ್ನ ಭೇದಿ ನಿಲ್ಲಿಸುವ ಔಷಧಿ ಅಂತ ಕೊಟ್ಟಿದ್ದರು. ನಿಲ್ಲದಿದ್ದಾಗ ಇದು ಕೆಲಸಕ್ಕೆ ಬಾರದ್ದು ಅಂತ ತೀರ್ಮಾನ ಮಾಡಿದ್ದರು. ಅವರ ಲೆಕ್ಕ ಸರಿಯಾಗಿಯೇ ಇತ್ತು, ನಾವು ಹೇಳಿದ್ದು ಸರಿ ಇರಲಿಲ್ಲ. ಇಂಗ್ಲಿಷ್ ಕರಪತ್ರದಲ್ಲಿ ಎಲ್ಲೂ ಈ ಮಾತು ಇರಲೇ ಇಲ್ಲ, ಯಾಕಂದರೆ ಅದನ್ನ ಬರೆದವರಿಗೆ ಇದು ಹೇಳದೇ ಗೊತ್ತಿರುವ ಸಂಗತಿ. ಆಮೇಲೆ ನಮ್ಮ ಕರಪತ್ರದ ಎರಡನೇ ಸಾಲು ಹೀಗಾಯಿತು: "ಓಆರ್‌ಎಸ್ ಭೇದಿ ನಿಲ್ಲಿಸುವ ಔಷಧಿ ಅಲ್ಲ. ಭೇದಿ ತಾನಾಗಿ ನಿಲ್ಲುವ ತನಕ ಮಗುವಿನ ಮೈಯಲ್ಲಿ ನೀರು ಉಳಿಸುವುದು ಇದೇ."

ಭೇದಿ ಆದಾಗ ನೀರು ಕೊಟ್ಟರೆ ಇನ್ನೂ ಜಾಸ್ತಿ ಹೋಗುತ್ತದೆ ಅನ್ನುವ ನಂಬಿಕೆಯೂ ಅಲ್ಲಿ ಗಟ್ಟಿಯಾಗಿತ್ತು. ನಮ್ಮ ಕಡೆ ಅಜ್ಜಿಯರೂ ಹೇಳುತ್ತಿದ್ದರು, ಹೊಸದೇನಲ್ಲ. ಇದಕ್ಕೆ ನಾನೊಂದು ಒಳ್ಳೆ ಹೋಲಿಕೆ ಹುಡುಕಿದೆ ಅಂತ ಹಿಗ್ಗಿದ್ದೆ. ನೀರಿಗೆ ಬರ ಇದ್ದ ಕಾಲ, ಪ್ರತಿ ಶೆಡ್ ಮುಂದೆ ನೀಲಿ ಡ್ರಮ್ಮು. ಮುಂದಿನ ಶನಿವಾರ ಹೋಗಿ ಕೇಳಿದೆ: "ಡ್ರಮ್ ತೂತು ಬಿದ್ದರೆ ಏನು ಮಾಡ್ತೀರಾ? ಸೋರಿದಷ್ಟು ಮೇಲಿಂದ ಹಾಕ್ತಾ ಇರಬೇಕು ತಾನೆ?" ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ತಟ್ಟನೆ ಅಂದಳು: "ಯವ್ವಾ, ತೂತು ಬಿದ್ರ ಮೊದಲ ತೂತು ಮುಚ್ಚಬೇಕಲ್ಲ. ಅದಕ್ಕೇ ನಾವು ಮೆಡಿಕಲ್‌ನ್ಯಾಗ ಗುಳಗಿ ತರ್ತೀವಿ."

ನನ್ನ ಹೋಲಿಕೆ ನನಗೇ ತಿರುಗಿ ಬಿತ್ತು. ಮೆಡಿಕಲ್ ಶಾಪ್‌ನಲ್ಲಿ ಕೇಳಿದ ಕೂಡಲೇ ಸಿಗುವ ಭೇದಿ ನಿಲ್ಲಿಸುವ ಮಾತ್ರೆ ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಅದು ಕರುಳಿನ ಓಟವನ್ನ ನಿಧಾನ ಮಾಡುತ್ತದೆ, ಚಿಕ್ಕವರಲ್ಲಿ ಅಪಾಯ. ನಾನು ಅದೇ ಮಾತ್ರೆಗೆ ಸುಮ್ನೆ ಪ್ರಚಾರ ಕೊಟ್ಟು ಬಂದಂತಾಯಿತು. ಡ್ರಮ್ ಅಲ್ಲಿಗೇ ಬಿಟ್ಟೆ. ಆಮೇಲೆ ಹೋಲಿಕೆ ಹುಡುಕುವುದನ್ನೇ ಬಿಟ್ಟೆ. ಅವರೇ ನೋಡಿದ್ದನ್ನ ಅವರ ಬಾಯಿಂದ ಹೇಳಿಸಿ ಬರೆದುಕೊಂಡೆ. ಭೇದಿ ಜಾಸ್ತಿ ಆದಾಗ ಕೂಸು ಹೇಗಿರುತ್ತದೆ ಅಂದರೆ ಒಬ್ಬ ತಾಯಿ ಹೇಳಿದಳು: ಬಾಯಿ ಒಣಗುತ್ತದೆ, ಕಣ್ಣು ಒಳಗೆ ಹೋಗುತ್ತವೆ, ನೆತ್ತಿ ತಗ್ಗಾಗುತ್ತದೆ, ಅತ್ತರೂ ಕಣ್ಣೀರು ಬರುವುದಿಲ್ಲ. ಡಾಕ್ಟರ್ ಮೇಡಂ ನನ್ನ ಮುಖ ನೋಡಿದರು. ಅವರ ಪುಸ್ತಕದಲ್ಲಿ ಇರುವುದೂ ಇದೇ. ವ್ಯತ್ಯಾಸ ಅಂದರೆ ಆ ತಾಯಿ ಇದನ್ನ ದೃಷ್ಟಿ ಆಗಿದೆ ಅಂತ ಓದಿಕೊಂಡಿದ್ದಳು, ನೀರು ಕಮ್ಮಿ ಆಗಿದೆ ಅಂತ ಅಲ್ಲ. ದೃಷ್ಟಿ ತೆಗೆಯಬೇಡಿ ಅಂತ ನಾವು ಹೇಳಲಿಲ್ಲ. ದೃಷ್ಟಿ ತೆಗೆಯುವವರು ತೆಗೆಯಲಿ, ಒಂದು ಕೈಲಿ ಚಮಚ ಇರಲಿ ಅಂದೆವು. ಇದಕ್ಕೆ ಸಂಸ್ಥೆಯ ಒಬ್ಬರು ತಕರಾರು ತೆಗೆದರು, ಮೂಢನಂಬಿಕೆಗೆ ಸೊಪ್ಪು ಹಾಕಿದ ಹಾಗೆ ಆಗುತ್ತದೆ ಅಂತ. ಇರಬಹುದು. ಆದರೆ ನಮ್ಮ ಹತ್ತಿರ ಇದ್ದದ್ದು ಒಂದು ಹಾಳೆ, ಅದರಲ್ಲಿ ಒಂದೇ ಜಗಳಕ್ಕೆ ಜಾಗ ಇತ್ತು.

ಚಿತ್ರಗಳದ್ದು ಬೇರೆಯೇ ಕಥೆ. ಮೂಲ ಕರಪತ್ರದಲ್ಲಿ ಎರಡು ಬೆರಳು ಮಗುವಿನ ಹೊಟ್ಟೆಯ ಚರ್ಮ ಹಿಡಿದು ಬಿಡುವ ಚಿತ್ರ ಇತ್ತು. ಚರ್ಮ ನಿಧಾನಕ್ಕೆ ಹಿಂದೆ ಹೋದರೆ ಮೈಯಲ್ಲಿ ನೀರು ಕಮ್ಮಿ ಅಂತ ಗುರುತು. ಶೆಡ್‌ನಲ್ಲಿ ತೋರಿಸಿದರೆ, "ಕೂಸಿಗಿ ಯಾಕ ಚಿವುಟ್ಲಿಕತ್ಯಾರ?" ಅಂತ ಕೇಳಿದರು. ಅಮ್ಮ ಸಿಟ್ಟಲ್ಲಿ ಚಿವುಟುತ್ತಿದ್ದಾಳೆ ಅಂತ. ಜೊತೆಗೆ ಗಾಜಿನ ಜಗ್, ಅದರ ಮೇಲೆ ಗೆರೆಗಳು. ಎರಡು ಸಾಲು ಶೆಡ್‌ನಲ್ಲಿ ಒಂದೂ ಗಾಜಿನ ಜಗ್ ಇರಲಿಲ್ಲ. ಎರಡೂ ಚಿತ್ರ ತೆಗೆದೆವು. ಚಿವುಟಿ ನೋಡುವ ಕೆಲಸ ಆಶಾ ಕಾರ್ಯಕರ್ತೆ ಅಕ್ಕನಿಗೆ ಇರಲಿ, ತಾಯಿಗೆ ಕಣ್ಣೀರು, ಬಾಯಿ, ಉಚ್ಚೆ ಸಾಕು ಅಂದರು ಮೇಡಂ.

ಇನ್ನು ಅಳತೆ. ನಾನು ಜಾಸ್ತಿ ದಿನ ಕಳೆದದ್ದು ಇದರ ಮೇಲೆ.

ಓಆರ್‌ಎಸ್‌ನಲ್ಲಿ ಅಳತೆಯೇ ಎಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 1 ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಕರುಳಿನಲ್ಲಿ ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಬೆನ್ನು ಹತ್ತಿ ಹೋಗುತ್ತದೆ. ಭೇದಿ ಎಷ್ಟೇ ಇದ್ದರೂ ಆ ದಾರಿ ಮಾತ್ರ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಬರೀ ನೀರು ಕುಡಿಸಿದರೆ ಹೀಗಾಗಲ್ಲ. ಪುಡಿ ಜಾಸ್ತಿ ಆಗಿ ನೀರು ಕಮ್ಮಿ ಆದರೆ ಇನ್ನೂ ಕಷ್ಟ, ಮಗುವಿನ ರಕ್ತದಲ್ಲಿ ಉಪ್ಪು ಏರುತ್ತದೆ. ಮತ್ತೆ ನಮ್ಮಲ್ಲಿ ಪ್ಯಾಕೆಟ್ ಎರಡು ಸೈಜಿನಲ್ಲಿ ಬರುತ್ತದೆ, 1 ಲೀಟರಿಗೆ ಒಂದು, 200 ಎಂಎಲ್‌ಗೆ ಒಂದು. ದೊಡ್ಡ ಪ್ಯಾಕೆಟ್ ಪೂರ್ತಿ ಒಂದೇ ಲೋಟಕ್ಕೆ ಹಾಕಿದವರು ಆ ಶೆಡ್‌ನಲ್ಲೇ ಇದ್ದರು. ಅದಕ್ಕೆ ತಿರುವಾಗಿ, ಚಿಟಿಕೆ ಚಿಟಿಕೆ ಹಾಕುತ್ತಾ ಒಂದೇ ಪ್ಯಾಕೆಟ್ ನಾಲ್ಕು ದಿನ ನಡೆಸಿದವರೂ ಇದ್ದರು, ಹಾಳು ಮಾಡಬಾರದಲ್ಲ ಅಂತ. ಪುಡಿ ಎಲ್ಲ ಒಟ್ಟಿಗೇ ಸುರಿಯಬೇಕು, ಕಲಸಿದ್ದು 24 ಗಂಟೆ ಆದ ಮೇಲೆ ಚೆಲ್ಲಬೇಕು. ಚೆಲ್ಲಿ ಅನ್ನುವ ಮಾತು ಬಡವರ ಮನೆಯಲ್ಲಿ ಹೇಳುವುದು ಎಷ್ಟು ಕಷ್ಟ ಅಂತ ಅಲ್ಲಿ ಕೂತಾಗ ಗೊತ್ತಾಯಿತು.

ಸರಿ, 1 ಲೀಟರ್ ಅಂದರೆ ಎಷ್ಟು? ಲೋಟದ ಲೆಕ್ಕ ಹೇಳೋಣ ಅಂತ ನಾಲ್ಕೈದು ಮನೆಯ ಲೋಟ ತರಿಸಿ ಅಳೆದೆವು. ಒಂದು 150 ಎಂಎಲ್ ಹಿಡಿಯಿತು, ಇನ್ನೊಂದು 300 ದಾಟಿತು. ಲೋಟ ಬಿಟ್ಟೆವು. ಆಚೆ ಕೂತು ಬೀಡಿ ಸೇದುತ್ತಿದ್ದ ಒಬ್ಬ ಅಣ್ಣ ಸಲಹೆ ಕೊಟ್ಟ: "ಕ್ವಾರ್ಟರ್ ಬಾಟ್ಲಿ ಇಡ್ರಿ ಮೇಡಂರ, ಅದರ ಅಳತಿ ಎಲ್ಲಾರಿಗೂ ಗೊತ್ತದ." ಅವನು ಹೇಳಿದ್ದು ತಪ್ಪಲ್ಲ, ಇಡೀ ರಾಜ್ಯದಲ್ಲಿ ಜನ ಕರಾರುವಾಕ್ಕಾಗಿ ನಂಬುವ ಅಳತೆ ಯಾವುದಾದರೂ ಇದ್ದರೆ ಅದು 180 ಎಂಎಲ್. ಆದರೆ ಮಗುವಿನ ಕರಪತ್ರದ ಮೇಲೆ ಎಣ್ಣೆ ಬಾಟಲಿ ಚಿತ್ರ ಹಾಕುವ ಧೈರ್ಯ ನಮಗೆ ಬರಲಿಲ್ಲ.

ಮನೆಯಲ್ಲೇ ಮಾಡುವ ಉಪ್ಪು ಸಕ್ಕರೆ ನೀರು ಬರೆಯೋಣವೇ ಅಂತಲೂ ಯೋಚಿಸಿದೆವು. 1 ಲೀಟರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ತಲೆ ಸವರಿ ಮಟ್ಟ ಮಾಡಿ ಹಾಕಬೇಕು. ಶೆಡ್‌ನಲ್ಲಿ ಇದ್ದದ್ದು ಊಟದ ದೊಡ್ಡ ಚಮಚ. ಕೆಲವರ ಮನೆಯಲ್ಲಿ ಪುಡಿ ಉಪ್ಪು, ಕೆಲವರಲ್ಲಿ ಕಲ್ಲುಪ್ಪು. ಅಲ್ಲಿ ಮೇಡಂ ಬಾಂಗ್ಲಾದೇಶದ ಕಥೆ ಹೇಳಿದರು. 1980ರಿಂದ ಹತ್ತು ವರ್ಷ ಬ್ರ್ಯಾಕ್ ಅನ್ನುವ ಸಂಸ್ಥೆಯ ಹೆಣ್ಣುಮಕ್ಕಳು ಊರೂರು ತಿರುಗಿ, 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ತಾಯಂದಿರಿಗೆ ಈ ನೀರು ಮಾಡುವುದನ್ನ ಕೈಯಿಂದ ಕೈಗೆ ಕಲಿಸಿದರಂತೆ. ಚಮಚ ಇಲ್ಲ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿ ಬಂದ ಮೇಲೆ ಬೇರೆಯವರು ಕೆಲವು ಮನೆಗೆ ಹೋಗಿ ತಾಯಿಗೆ ಎಷ್ಟು ನೆನಪಿದೆ ಅಂತ ಕೇಳುತ್ತಿದ್ದರು. ಅವಳಿಗೆ ನೆನಪಿದ್ದಷ್ಟು ಕಲಿಸಿದವಳಿಗೆ ಸಂಬಳ! ನನ್ನ ಅನುವಾದಕ್ಕೆ ಹೀಗೆ ದುಡ್ಡು ಕೊಟ್ಟಿದ್ದರೆ ಮೊದಲ ಕರಡಿಗೆ ನಾನೇ ವಾಪಸ್ ಕೊಡಬೇಕಾಗಿತ್ತು. ಆದರೆ ಶುರುವಿನಲ್ಲಿ ಅಲ್ಲೂ ಒಂದು ಎಡವಟ್ಟು ಆಗಿತ್ತು. ತಾಯಂದಿರಿಗೆ ನೆನಪಿತ್ತು, ಮಾಡಲು ಬರುತ್ತಿತ್ತು, ಆದರೂ ಬಳಸಿದವರು ಕಮ್ಮಿ. ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ. ಆಮೇಲೆ ಸಂತೆಯಲ್ಲಿ, ಮಸೀದಿಯಲ್ಲಿ ಗಂಡಸರ ಹತ್ತಿರವೂ ಮಾತಾಡತೊಡಗಿದರು.

ಈ ಮಾತು ಮೇಡಂ ಸುಮ್ನೆ ಹೇಳಿದ್ದು. ನನ್ನ ತಲೆಯಲ್ಲಿ ಅದು ಕೊರೆಯುತ್ತಾ ಕೂತಿತು, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮನೆ ನೀರಿನ ಲೆಕ್ಕ ಕೈಬಿಟ್ಟೆವು. ಉಪ್ಪು ಹೆಚ್ಚುಕಮ್ಮಿ ಆದರೆ ಯಾರು ಹೊಣೆ? ಪ್ಯಾಕೆಟ್ ಸಿಗುವ ತನಕ ಗಂಜಿ, ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ತೆಳ್ಳಗೆ ಮಾಡಿ ಕೊಡಿ, ಎದೆಹಾಲು ನಿಲ್ಲಿಸಬೇಡಿ ಅಂತ ಬರೆದೆವು. 1 ಲೀಟರ್ ಮಾತ್ರ ಹಾಗೇ ಉಳಿಯಿತು. ಅದನ್ನ ಬಿಡಿಸಿದವಳು ದಿನಾ ಶೆಡ್‌ನವರಿಗೆಲ್ಲ ಚಹಾ ಮಾಡುವ ಹೆಂಗಸು. "ಎರಡು ಪ್ಯಾಕೆಟ್ ಹಾಲು ಹಾಕಿದ್ರ ಪಾತ್ರಿದಾಗ ಎಲ್ಲಿ ಮಟ ಬರ್ತದೋ ಅಲ್ಲಿ ಮಟ ನೀರು ಹಾಕ್ರಿ ಅಂತ ಬರೀರಿ. ನನಗ ಕಣ್ಣು ಮುಚ್ಚಿದ್ರೂ ಗೊತ್ತಾಗ್ತದ." ನಂದಿನಿ ನೀಲಿ ಪ್ಯಾಕೆಟ್, ಅರ್ಧ ಲೀಟರಿನದು. ಎರಡು ಸೇರಿದರೆ 1 ಲೀಟರ್. ಬೆಂಗಳೂರಲ್ಲಿ ಯಾವ ಅಡುಗೆಮನೆಗೆ ಹೋದರೂ ಹೆಂಗಸರ ಕಣ್ಣಲ್ಲಿ ಈ ಅಳತೆ ಕೂತಿರುತ್ತದೆ. ನಾನು ದಿನಾ ಬೆಳಗ್ಗೆ ಅದೇ ಪ್ಯಾಕೆಟ್ ಕತ್ತರಿಸುತ್ತೇನೆ, ನನಗೆ ಹೊಳೆದಿರಲಿಲ್ಲ.

ಭಾಷೆಯ ವಿಷಯದಲ್ಲೂ ಒಂದು ತಪ್ಪು ಮಾಡಿದೆ. ಅವರ ಮಾತಲ್ಲೇ ಬರೆದರೆ ಹತ್ತಿರ ಆಗುತ್ತದೆ ಅಂತ, ಕರಪತ್ರವನ್ನ ಉತ್ತರ ಕರ್ನಾಟಕದ ಕನ್ನಡದಲ್ಲಿ ಬರೆದುಕೊಂಡು ಹೋದೆ. ಸಾಲಿಗೊಂದು "ಐತಿ". ಮೊದಲನೆಯದಾಗಿ ಅದು ಧಾರವಾಡದ ಕಡೆಯದು, ಯಾದಗಿರಿ ಕಡೆ "ಅದ" ಅಂತಾರೆ, ನಾನು ಸಿನಿಮಾ ನೋಡಿ ಕಲಿತದ್ದು ಗೊತ್ತಾಗಿಹೋಯಿತು. ಎರಡನೆಯದು ಇನ್ನೂ ನಾಟಿತು. ಏಳನೇ ಕ್ಲಾಸ್ ಓದಿದ ಒಬ್ಬ ಹುಡುಗಿ, ಎಲ್ಲರಿಗೂ ಓದಿ ಹೇಳುತ್ತಿದ್ದವಳು, ಹಾಳೆ ಕೆಳಗಿಟ್ಟು ಅಂದಳು: "ಅಕ್ಕಾರ, ಪೇಪರ್‌ನ್ಯಾಗ ನಮ್ಮ ಮಾತು ಬರದ್ರ ನಮಗ ಚಾಷ್ಟಿ ಮಾಡಿದಂಗ ಅನಸ್ತದ. ಸಾಲ್ಯಾಗಿನ ಕನ್ನಡನ ಬರೀರಿ, ಸಣ್ಣ ಸಣ್ಣ ಮಾತು ಬರೀರಿ." ಹಾಗೇ ಮಾಡಿದೆವು. ಹಾಳೆಯಲ್ಲಿ ಶಾಲೆಯ ಕನ್ನಡ, ಫೋನಿನಲ್ಲಿ ಕಳಿಸುವ ಆಡಿಯೋದಲ್ಲಿ ಅವರ ಮಾತು, ಅದೂ ನನ್ನ ದನಿಯಲ್ಲಿ ಅಲ್ಲ, ಆ ಹುಡುಗಿಯ ದನಿಯಲ್ಲಿ.

ಸಂಸ್ಥೆಯ ಇನ್ನೊಂದು ಕೆಲಸ ಗೌರಿಪಾಳ್ಯದಲ್ಲಿ ನಡೆಯುತ್ತಿತ್ತು. ಅಲ್ಲಿಗೆ ಉರ್ದು ಮಾಡಿಸಿದರು. ಉರ್ದು ಬರೆದವರು ನನ್ನ ಅಣ್ಣತಮ್ಮಂದಿರೇ ಇರಬೇಕು, ಭೇದಿಗೆ "ಇಸ್‌ಹಾಲ್" ಅಂತ ಬರೆದಿದ್ದರು, ನನ್ನ "ಅತಿಸಾರ"ಕ್ಕೆ ತಕ್ಕ ಜೋಡಿ. ನಾವು ಕೂಡಿಸಿದ ಹೆಂಗಸರಲ್ಲಿ ಚಿಕ್ಕ ವಯಸ್ಸಿನವರು ಕನ್ನಡ ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋದವರು, ಉರ್ದು ಲಿಪಿ ಓದುವವರು ಅತ್ತೆಯರು, ಅತ್ತೆಯರಿಗೆ ಕನ್ನಡಕ ಇಲ್ಲ. ಅಲ್ಲಿ ಹಾಳೆಯನ್ನೇ ಬಿಟ್ಟು ದಖನಿಯಲ್ಲಿ, ಅಂದರೆ ಅವರು ಮನೆಯಲ್ಲಿ ಆಡುವ ಉರ್ದುವಿನಲ್ಲಿ, ಆಡಿಯೋ ಮಾಡಿದೆವು. ಅಲ್ಲಿನ ಆಶಾ ಅಕ್ಕ ಒಂದೇ ಉಸಿರಿಗೆ ಹೇಳಿಬಿಟ್ಟರು: "ಜುಲಾಬ್ ಹೋರಾ ಬೋಲ್ಕೆ ಪಾನಿ ಬಂದ್ ನಕ್ಕೊ ಕರೋ." ಭೇದಿ ಆಗ್ತಿದೆ ಅಂತ ನೀರು ನಿಲ್ಲಿಸಬೇಡಿ, ಅಷ್ಟೆ. ಮೂರು ನಿಮಿಷದ ನನ್ನ ಸ್ಕ್ರಿಪ್ಟ್ ನಲವತ್ತು ಸೆಕೆಂಡಿಗೆ ಇಳಿಯಿತು. ಹಿಂದೆ ಯಾವುದೋ ಮಗು ಅಳುವ ಸದ್ದು ಬಂದಿತ್ತು. ತೆಗೆಯುವುದು ಬೇಡ, ಇರಲಿ ಅಂದರು.

ಈಗ ಆ ಗಂಡಸರ ವಿಷಯ. ಮೇ ಹೊತ್ತಿಗೆ ಕರಪತ್ರ ಚೆನ್ನಾಗಿ ಆಗಿತ್ತು. ಓದಿಸಿ, "ಇದನ್ನ ನಿಮ್ಮ ಅತ್ತೆಗೆ ಹೇಗೆ ಹೇಳ್ತೀರಾ, ಹೇಳಿ ನೋಡೋಣ" ಅಂದರೆ ತಾಯಂದಿರು ಸರಿಯಾಗಿ ಹೇಳುತ್ತಿದ್ದರು. ಎರಡು ವರ್ಷದ ಒಳಗಿನ ಮಗುವಿಗೆ ಪ್ರತಿ ಸಲ ಭೇದಿ ಆದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ, ದೊಡ್ಡದಕ್ಕೆ ಅರ್ಧದಿಂದ ಒಂದು ಲೋಟ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚ. ಸತುವಿನ ಮಾತ್ರೆ, ಅಂದರೆ ಝಿಂಕ್, ಭೇದಿ ನಿಂತರೂ 14 ದಿನ ಪೂರ್ತಿ; ಲೆಕ್ಕ ತಪ್ಪದಿರಲಿ ಅಂತ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೆರೆ. ಭೇದಿಯಲ್ಲಿ ರಕ್ತ, ಏನೂ ಕುಡಿಯುತ್ತಿಲ್ಲ, ಕುಡಿದದ್ದೆಲ್ಲ ವಾಂತಿ, ಎಬ್ಬಿಸಿದರೂ ಏಳುತ್ತಿಲ್ಲ ಅಂದರೆ ಕಾಯಬೇಡಿ, 108. ಎಲ್ಲ ಬಾಯಿಪಾಠ. ಆದರೆ ಆ ತಿಂಗಳಲ್ಲೇ ಒಂದು ಮಗು ತೀರಾ ಸುಸ್ತಾಗಿ ಆಸ್ಪತ್ರೆ ಸೇರಿತು. ಉಳಿಯಿತು, ದೇವರ ದಯೆ. ಆ ತಾಯಿಗೆ ಎಲ್ಲ ಗೊತ್ತಿತ್ತು, ನನ್ನ ಮುಂದೆಯೇ ಒಪ್ಪಿಸಿದ್ದಳು. ಯಾಕಮ್ಮಾ ಕೊಡಲಿಲ್ಲ ಅಂತ ಕೇಳಿದರೆ, ಪ್ಯಾಕೆಟ್ ಇರಲಿಲ್ಲ. ತರಬೇಕಾದರೆ ಎರಡು ಕಿಲೋಮೀಟರ್ ನಡೆಯಬೇಕು, ಅರ್ಧ ದಿನದ ಕೂಲಿ ಹೋಗುತ್ತದೆ, ಮೇಸ್ತ್ರಿ ಬಿಡಲ್ಲ. ಡ್ರಮ್ಮಿಗೆ ಮುಚ್ಚಳ ಇಲ್ಲ, ಎಲ್ಲರೂ ಅದೇ ಚೊಂಬು ಮುಳುಗಿಸಿ ನೀರು ತೆಗೆಯುತ್ತಾರೆ.

ಎರಡು ತಿಂಗಳು ನಾನು ಪದ ಪದ ತಿದ್ದಿದ್ದು ಯಾರಿಗೆ ಅಂತ ಆವತ್ತು ರಾತ್ರಿ ಬಸ್‌ನಲ್ಲಿ ಯೋಚಿಸಿದೆ. ಹಾಳೆ ತುಂಬ "ಕೊಡಿ, ಮಾಡಿ, ತೊಳೆಯಿರಿ" ಅಂತ ತಾಯಿಗೆ ಹೇಳಿದ್ದೆ. ಮುಚ್ಚಳ ಹಾಕಿಸುವುದು, ಪ್ಯಾಕೆಟ್ ತಂದಿಡುವುದು, ಎರಡು ಗಂಟೆ ಬಿಡುವು ಕೊಡುವುದು ಯಾರ ಕೈಯಲ್ಲಿತ್ತೋ ಅವರಿಗೆ ಒಂದು ಸಾಲೂ ಬರೆದಿರಲಿಲ್ಲ.

ಹಾಗೆ ಮೇಸ್ತ್ರಿಗೆ ಅಂತ ಬೇರೆ ಹಾಳೆ ಆಯಿತು. ಆರು ಸಾಲು, ಗೋಡೆಗೆ ಅಂಟಿಸುವಂಥದ್ದು. ಅವರು ಕೋಲಾರದ ಕಡೆಯವರು, ಕೆಟ್ಟವರಲ್ಲ, ಆದರೆ ಮಕ್ಕಳ ಆರೋಗ್ಯ ಅಂತ ಶುರು ಮಾಡಿದರೆ ಕಿವಿ ಕೊಡುತ್ತಿರಲಿಲ್ಲ. ಅದಕ್ಕೆ ಮೊದಲ ಸಾಲು ಹೀಗಿತ್ತು: "ಮಗುವಿಗೆ ಭೇದಿ ಜಾಸ್ತಿ ಆದರೆ ಅಪ್ಪ ಅಮ್ಮ ಇಬ್ಬರೂ ನಾಲ್ಕು ದಿನ ಕೆಲಸಕ್ಕೆ ಬರಲ್ಲ. 20 ಪ್ಯಾಕೆಟ್ ಓಆರ್‌ಎಸ್ ಸೈಟ್ ಆಫೀಸಿನಲ್ಲಿ ಇಡಿ." ಬರೆಯುವಾಗ ಕೈ ಹಿಂಜರಿಯಿತು, ಒಂದು ಮಗುವಿನ ಜೀವವನ್ನ ಕೂಲಿ ಲೆಕ್ಕದಲ್ಲಿ ಹೇಳಬೇಕಾಯಿತಲ್ಲ ಅಂತ. ಡ್ರಮ್ಮಿಗೆ ಮುಚ್ಚಳ, ನಲ್ಲಿ. ಹತ್ತಿರದ 'ನಮ್ಮ ಕ್ಲಿನಿಕ್' ಅನ್ನುವ ಸರ್ಕಾರಿ ಕ್ಲಿನಿಕ್ ಎಲ್ಲಿ, ಆರೋಗ್ಯ ಸಹಾಯವಾಣಿ 104 ಯಾವುದಕ್ಕೆ, ಆಂಬುಲೆನ್ಸಿನ 108 ಯಾವುದಕ್ಕೆ. ಕೊನೆಯ ಸಾಲಲ್ಲಿ ಮಾತ್ರ, ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಪ್ರಕಾರ ಕುಡಿಯುವ ನೀರು ಕೊಡುವುದು ಕೆಲಸ ಕೊಟ್ಟವರ ಜವಾಬ್ದಾರಿ ಅಂತ ಮೆತ್ತಗೆ. ಅದನ್ನ ಮೊದಲನೇ ಸಾಲು ಮಾಡಬೇಕು ಅಂತ ನಾನು ಹಟ ಹಿಡಿದಿದ್ದೆ. ಮೇಡಂ ಬೇಡ ಅಂದರು. "ನಮಗೆ ಗೆಲ್ಲೋದು ಬೇಡ, ಮುಚ್ಚಳ ಬೇಕು." ಜೂನ್ ಮೊದಲ ವಾರ ಮುಚ್ಚಳ ಬಂತು.

ಸುತ್ತಲಿನ ಮೆಡಿಕಲ್ ಶಾಪ್‌ಗಳಿಗೂ ಒಂದು ಚಿಕ್ಕ ಚೀಟಿ ಮಾಡಿದೆವು. ಕೆಲವರು ಅಂಟಿಸಿದರು, ಕೆಲವರು ಡ್ರಾಯರ್‌ಗೆ ಹಾಕಿಕೊಂಡರು, ಹೆಚ್ಚೇನೂ ಆಗಲಿಲ್ಲ.

ಅಪಾರ್ಟ್‌ಮೆಂಟ್‌ನವರಿಗೂ ಒಂದು ಬೇಕು ಅಂತ ದುಡ್ಡು ಕೊಟ್ಟವರು ಕೇಳಿದರು. ಅದು ಸುಲಭದ ಕೆಲಸ ಅಂದುಕೊಂಡೆ, ಓದಿದವರು ತಾನೆ. ಹೋಗಿ ಕೇಳಿದರೆ "ಓಆರ್‌ಎಸ್ ಫ್ರಿಜ್‌ನಲ್ಲೇ ಇದೆ" ಅಂತ ಕಿತ್ತಳೆ ಫ್ಲೇವರಿನ ಡಬ್ಬ ತೋರಿಸಿದರು. ಹೆಸರಲ್ಲಿ ಓಆರ್‌ಎಸ್, ಒಳಗೆ ಸಕ್ಕರೆ ತುಂಬಿದ ನೀರು. ಸಕ್ಕರೆ ಅಷ್ಟು ಜಾಸ್ತಿ ಇದ್ದರೆ ಕರುಳು ನೀರನ್ನ ಹೀರುವ ಬದಲು ಹೊರಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಶೆಡ್‌ನಲ್ಲಿ 'ಗೊತ್ತಿಲ್ಲ' ಅನ್ನುವವರಿಗೆ ಹೇಳುವುದು ಸುಲಭ ಇತ್ತು. ಇಲ್ಲಿ 'ಗೊತ್ತು' ಅನ್ನುವವರಿಗೆ ಡಬ್ಬ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿಸಬೇಕಾಯಿತು. ಆಮೇಲೆ 2025ರ ಅಕ್ಟೋಬರ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಸರಿಯಿಲ್ಲದ ಪಾನೀಯಗಳು ಓಆರ್‌ಎಸ್ ಅನ್ನುವ ಹೆಸರು ಹಾಕಿಕೊಳ್ಳುವಂತಿಲ್ಲ ಅಂತ ಆಹಾರ ಸುರಕ್ಷತೆ ನೋಡುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿತು. ಆವತ್ತು ಆ ಫ್ರಿಜ್ ನೆನಪಾಯಿತು.

ಜೂನ್ ಮಧ್ಯದಲ್ಲಿ 2,000 ಪ್ರತಿ ಪ್ರಿಂಟ್ ಆಯಿತು. ನೀಲಿ ಹಾಲಿನ ಪ್ಯಾಕೆಟ್ ಎರಡು, ಪಾತ್ರೆ ಒಂದು, ಪ್ಯಾಕೆಟ್ ಪೂರ್ತಿ ಸುರಿಯುವ ಕೈ ಒಂದು. ನೋಡಿ ಖುಷಿಪಟ್ಟು ಮನೆಗೆ ತಂದು ಫ್ರಿಜ್ ಮೇಲೆ ಅಂಟಿಸಿಕೊಂಡೆ. ಹತ್ತು ದಿನ ಕಳೆಯಿತು. ಜೂನ್ 26ರಿಂದ ಹಾಲಿನ ದರ ಪ್ಯಾಕೆಟ್‌ಗೆ 2 ರೂಪಾಯಿ ಜಾಸ್ತಿ ಆಯಿತು, ಜೊತೆಗೆ ಪ್ರತಿ ಪ್ಯಾಕೆಟ್‌ಗೆ 50 ಎಂಎಲ್ ಹಾಲೂ ಜಾಸ್ತಿ. ಅರ್ಧ ಲೀಟರ್ ಇದ್ದದ್ದು 550 ಎಂಎಲ್. ನಾನು ಬೆಳಗ್ಗೆ ಪ್ಯಾಕೆಟ್ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತೇ ಬಿಟ್ಟೆ. ಎಲ್ಲರೂ 2 ರೂಪಾಯಿಗೆ ಬೈಯುತ್ತಿದ್ದರೆ, ನಾನೊಬ್ಬಳು 50 ಎಂಎಲ್‌ಗೆ ತಲೆ ಚಚ್ಚಿಕೊಂಡೆ. ಡೈರಿಯವರು ನಮ್ಮನ್ನ ಕೇಳಿ ಮಾಡಬೇಕಿತ್ತೇ? ಅಂಗಡಿಯ ವಸ್ತುವನ್ನ ಅಳತೆಗೋಲು ಮಾಡಿಕೊಂಡವರು ನಾವು. ಮೇಡಂಗೆ ಫೋನ್ ಮಾಡಿದೆ. ಅವರು ಲೆಕ್ಕ ಹಾಕಿ ಸಮಾಧಾನ ಮಾಡಿದರು: 1 ಲೀಟರ್ ಬದಲು 1,100 ಎಂಎಲ್, ಸ್ವಲ್ಪ ತೆಳ್ಳಗಾಗುತ್ತದೆ, ತೊಂದರೆಯಿಲ್ಲ, ಗಟ್ಟಿಯಾಗುವುದಕ್ಕಿಂತ ಇದು ವಾಸಿ. ಆದರೂ ಆಗಸ್ಟ್‌ನ ಎರಡನೇ ಪ್ರಿಂಟ್‌ನಲ್ಲಿ 1 ಲೀಟರ್ ನೀರಿನ ಬಾಟಲಿಯ ಚಿತ್ರ ಹಾಕಿ ಕೆಲಸ ಮುಗಿಸಿದೆವು. 2025ರ ಏಪ್ರಿಲ್ 1ರಿಂದ ಪ್ಯಾಕೆಟ್ ಮತ್ತೆ 500 ಎಂಎಲ್‌ಗೆ ಬಂತು, ದರ ಲೀಟರಿಗೆ 4 ರೂಪಾಯಿ ಏರಿತು. ಅಂದರೆ ನಮ್ಮ ಹಳೇ ಕರಪತ್ರ ಈಗ ಮತ್ತೆ ಸರಿ.

ಆ ಶೆಡ್‌ಗಳು ಈಗ ಇಲ್ಲ. ಕಟ್ಟಡ ಮುಗಿಯಿತು, ತಗಡು ಬಿಚ್ಚಿದರು, ಜನ ಬೇರೆ ಬೇರೆ ಸೈಟಿಗೆ ಹೋದರು, ಸೀಮೆಸುಣ್ಣದ ಗೆರೆಗಳೂ ತಗಡಿನ ಜೊತೆ ಹೋದವು. ಆಡಿಯೋ ಮಾಡಿದ ಹುಡುಗಿ ಹಬ್ಬಕ್ಕೊಮ್ಮೆ ಮೆಸೇಜ್ ಹಾಕುತ್ತಾಳೆ. ಹೋದ ತಿಂಗಳು ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮೇಸ್ತ್ರಿ. ಈಗ ಹೊಸಕೋಟೆ ಕಡೆ ಇದ್ದಾರಂತೆ. "ಮೇಡಂ, ಆ ಗೋಡೆ ಹಾಳೆ ಇಲ್ಲೂ ಅಂಟಿಸಿದೀನಿ, ಡಬ್ಬಾನೂ ಇಟ್ಟಿದೀನಿ. ಪ್ಯಾಕೆಟ್ ಖಾಲಿ ಆಗೈತೆ, ಇನ್ನೊಂದಿಪ್ಪತ್ತು ಎಲ್ಲಿ ಸಿಗ್ತವೆ?"

ಹತ್ತಿರದ 'ನಮ್ಮ ಕ್ಲಿನಿಕ್' ವಿಳಾಸ ಕಳಿಸಿದೆ.